ನೀವು ‘ಯೋಗ್ಯ’ ಎಂದದ್ದು ಯಾವ ನೀರಿಗೆ?

ಕುಡಿಯುವ ನೀರು ಸರಬರಾಜಿನ ಮೇಲಧಿಕಾರಿಗಳಿಗೆ,

ಮಾನ್ಯರೇ,

ನಮ್ಮೂರ ನಳದ ನೀರಿನ ಬಗ್ಗೆ ನಿಮ್ಮ ಕಚೇರಿ ಹೊರಡಿಸುವ ವರದಿಯನ್ನು ನಾನು ನಂಬುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅರ್ಜಿಯ ಮೊದಲ ಸಾಲು ದಾಟಿ ಓದುವ ರೂಢಿ ನಿಮ್ಮಲ್ಲಿದ್ದಂತೆ ಕಾಣಲಿಲ್ಲ.

ಹರಪನಹಳ್ಳಿಯಿಂದ ಕೊಟ್ಟೂರಿಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗಿರುವ ಊರು ನಮ್ಮದು. ಅಲ್ಲಿ ನಾನು ಹಿಟ್ಟಿನ ಗಿರಣಿ ನಡೆಸುತ್ತೇನೆ. ಊರಿನವರೆಲ್ಲ ಬಂದು ನಿಲ್ಲುವ ಜಾಗವೆಂದು ನಿಮ್ಮ ವರದಿಯನ್ನು ನಮ್ಮ ಗೋಡೆಗೇ ಅಂಟಿಸುತ್ತಾರೆ. ಜೋಳ ಬೀಸುವಷ್ಟು ಹೊತ್ತು ಅದನ್ನೇ ನೋಡುತ್ತ ನಿಲ್ಲುವುದು ನನ್ನ ಪ್ರಾರಬ್ಧ. ಪ್ರತಿ ಸಲವೂ ಒಂದೇ ವಾಕ್ಯ: ‘ನೀರು ಕುಡಿಯಲು ಯೋಗ್ಯವಾಗಿದೆ.’ ಯಾವ ನಳದ ನೀರು? ಯಾವತ್ತು ಹಿಡಿದದ್ದು? ಅದರಲ್ಲಿ ಏನೇನು ಎಷ್ಟೆಷ್ಟಿತ್ತು, ಎಷ್ಟಿದ್ದರೆ ಸರಿ? ಇದೊಂದೂ ಅದರಲ್ಲಿಲ್ಲ. ನಮ್ಮ ಬೋರ್‌ವೆಲ್ ನೀರಿಗೆ ಮಳೆಗಾಲದಲ್ಲಿ ಒಂದು ರುಚಿ, ಬೇಸಿಗೆಯಲ್ಲಿ ಇನ್ನೊಂದು. ನಿಮ್ಮ ವರದಿಗೆ ಮಾತ್ರ ಕಾಲಮಾನದ ಹಂಗಿಲ್ಲ. ಗಂಡು ತೋರಿಸಲು ಬಂದವರು ಊರು, ಉದ್ಯೋಗ ಏನನ್ನೂ ಹೇಳದೆ ‘ಹುಡುಗ ಯೋಗ್ಯ’ ಎಂದಷ್ಟೇ ಅಂದರೆ ನೀವು ನಿಮ್ಮ ಮಗಳನ್ನು ಕೊಡುತ್ತೀರಾ?

ನಾವು ನಂಬಿದೆವು. ನನ್ನ ಮಗಳು ವಾಣಿಶ್ರೀ ಹುಟ್ಟಿದಂದಿನಿಂದ ಅದೇ ನೀರು ಕುಡಿದು ಬೆಳೆದಳು. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದಾಗ ಅವುಗಳ ಮೇಲೆ ಕಂದು ಪಟ್ಟೆಗಳಿದ್ದವು. ಬೇವಿನಕಡ್ಡಿ, ಇದ್ದಿಲು, ಟಿ.ವಿ.ಯಲ್ಲಿ ತೋರಿಸುವ ಪೇಸ್ಟು, ಎಲ್ಲ ಆಯಿತು. ದಾವಣಗೆರೆಯ ಹಲ್ಲಿನ ಡಾಕ್ಟರು ಬಾಯಿ ನೋಡಿದವರೇ, “ಯಾವೂರ ನೀರು ಕುಡೀತೀರಿ?” ಎಂದು ಕೇಳಿದರು. ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಹೀಗಾಗುತ್ತದೆ, ಇದು ಉಜ್ಜಿದರೆ ಹೋಗುವ ಕಲೆಯಲ್ಲ ಎಂದರು. ಶಾಲೆಯ ಭಾಷಣ ಸ್ಪರ್ಧೆಗೆ ಮೊದಲು ಹೆಸರು ಕೊಡುತ್ತಿದ್ದ ಹುಡುಗಿ ಈಗ ಮನೆಯಲ್ಲೂ ಬಾಯಿಗೆ ಕೈ ಅಡ್ಡ ಹಿಡಿದೇ ನಗುತ್ತಾಳೆ. ಮನೆಯಲ್ಲಿ ಈಗ ಅವಳ ತಮ್ಮನಿದ್ದಾನೆ, ಇನ್ನೂ ಗಂಜಿ ಕುಡಿಯುವ ಕೂಸು. ಮೊನ್ನೆ ಅವನಿಗೆ ರಾಗಿ ಗಂಜಿ ಕಾಯಿಸಲು ಕೊಡಪಾನಕ್ಕೆ ಕೈಹಾಕಿದಾಗ ಅವಳು ಒಲೆಯ ಪಕ್ಕ ನಿಂತು ಕೇಳಿದಳು: “ಅಪ್ಪಾ, ತಮ್ಮಗೂ ಇದ ನೀರು ಹಾಕ್ತೀರೇನು?”

ಅದಕ್ಕೇ ನಿಮ್ಮ ಕಚೇರಿಗೆ ಬಂದೆ. ಪರೀಕ್ಷೆಗೆ ನೀರನ್ನು ಎಲ್ಲಿಂದ ಹಿಡಿದಿರಿ ಎಂದು ಕೇಳಿದೆ, ಅಷ್ಟೇ. “ನಾವೇನು ಸುಳ್ಳು ಬರೀತೀವೇನ್ರಿ? ರಿಪೋರ್ಟ್ ಬಂದೈತಲ್ಲ, ಮತ್ತೇನು ಬೇಕು ನಿಮಗ?” ಎಂದು ನಿಮ್ಮ ಸಿಬ್ಬಂದಿಯೊಬ್ಬರು ಎದ್ದೇ ನಿಂತರು. ಸುಳ್ಳಿನ ಮಾತನ್ನು ನಾನು ಎತ್ತಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಅವರು ಹೆಗಲು ಮುಟ್ಟಿ ನೋಡಿಕೊಂಡದ್ದೇಕೆ? ಅಷ್ಟು ಕೂಗಾಡಿ ಗಂಟಲೊಣಗಿದಾಗ ಅವರು ಕುಡಿದದ್ದು ಮೂಲೆಯಲ್ಲಿದ್ದ ಕ್ಯಾನಿನ ನೀರು. ಅದನ್ನೂ ನೋಡಿಕೊಂಡೇ ಬಂದೆ.

ಮನೆಗೆ ಬಂದವನು, ನೀರು ಒಯ್ಯಲು ನಮ್ಮೂರಿಗೆ ಯಾವನೂ ಬರುವುದೇ ಇಲ್ಲ, ಇವರು ಕೂತಲ್ಲೇ ಬರೆಯುತ್ತಾರೆ ಎಂದು ರೇಗುತ್ತಿದ್ದೆ. ನನ್ನ ಅವ್ವ ಶಿವಬಸಮ್ಮ ಅಕ್ಕಿ ಆರಿಸುತ್ತ ಕೂತಿದ್ದಳು.

“ಯಾಕ ಬರಂಗಿಲ್ಲ? ಗಾಡಿ ಮ್ಯಾಲೆ ಒಬ್ರು ಸಾಹೇಬ್ರು ಬರ್ತಾರಲ್ಲ. ‘ಅಮ್ಮಾ, ಈ ಬಾಟ್ಲಿ ತುಂಬಿ ಕೊಡ್ರಿ’ ಅಂತಾರ. ಪಾಪ, ಬಿಸಲಾಗ ಬಂದಿರ್ತಾರ. ನಾನ ತುಂಬಿ ಕೊಡ್ತೀನಿ.”

“ಯಾವ ನೀರು ಕೊಟ್ಟಿ ಯವ್ವಾ?”

“ಯಾವ್ದು ಅಂದ್ರ? ಬಂದವ್ರಿಗೆ ಕೊಡೋದ. ಸವಳು ನೀರು ಕೊಟ್ರ ಮಂದಿ ಏನಂದಾರು?”

ನಿಮಗೆ ಬಿಡಿಸಿ ಹೇಳಬೇಕು, ಮಾನ್ಯರೇ. ನಮ್ಮ ನಳದ ನೀರು ಸವಳು, ಬಾಯಿಗಿಟ್ಟರೆ ಉಪ್ಪುಪ್ಪು. ಹಾಗಾಗಿ ಬೀಗರಿಗೆ, ಬಂದವರಿಗೆ ಎಂದು ಮನೆಯಲ್ಲಿ ತಾಮ್ರದ ಕೊಡವೊಂದನ್ನು ಬೇರೆಯೇ ಇಟ್ಟು, ಅದಕ್ಕೆ ಹರಪನಹಳ್ಳಿಯಿಂದ ಫಿಲ್ಟರ್ ನೀರು ತರಿಸಿ ತುಂಬುತ್ತೇವೆ. ಮನೆಯವರು ಅದನ್ನು ಮುಟ್ಟುವುದಿಲ್ಲ. ನಿಮ್ಮವರು ನಳ ಬಾರದ ಹೊತ್ತಿನಲ್ಲಿ ಬಂದು ನಮ್ಮ ಬಾಗಿಲಲ್ಲಿ ಬಾಟಲಿ ಚಾಚಿದರು. ಅವ್ವ ಅದನ್ನು ಬಾಯಾರಿಕೆ ಎಂದುಕೊಂಡಳು. ಊರ ನೀರೆಂದು ನೀವು ಪರೀಕ್ಷಿಸುತ್ತಿದ್ದದ್ದು ನಮ್ಮ ಅವ್ವನ ಅತಿಥಿ ಸತ್ಕಾರವನ್ನು. ಅದು ಪಾಸಾದದ್ದರಲ್ಲಿ ಆಶ್ಚರ್ಯವೇನಿದೆ?

ಅವ್ವ ತಪ್ಪಿದ್ದು ಮರ್ಯಾದೆಯಿಂದ. ನೀವು? ಅಡುಗೆಮನೆಯಿಂದ ಬಂದ ನೀರಿಗೆ ನಳದ ಹೆಸರು ಬರೆಯುವಾಗ ಆ ಮನುಷ್ಯನಿಗೆ ಏನೂ ಅನ್ನಿಸಲಿಲ್ಲವೆ? ಅಥವಾ ಅನ್ನಿಸದಿದ್ದರೇ ಎಲ್ಲರಿಗೂ ಅನುಕೂಲವೆಂದು ಅವರಿಗೆ ಗೊತ್ತಿತ್ತೆ? ಕೂಡ್ಲಿಗಿ ಕಡೆಯ ನಮ್ಮ ಬೀಗರ ಮನೆಯಲ್ಲೂ ಬಂದವರ ಕೊಡ ಬೇರೆಯೇ ಇದೆ. ಹಾಗಾದರೆ ಇನ್ನೆಷ್ಟು ಊರುಗಳ ‘ಯೋಗ್ಯ’ ಇಂಥ ಕೊಡಗಳಿಂದ ಬಂದಿರಬಹುದು? ನನಗೀಗ ಯಾವ ಗೋಡೆಯ ಮೇಲಿನ ಕಾಗದವನ್ನು ಕಂಡರೂ ಅನುಮಾನ.

ನನ್ನ ಬೇಡಿಕೆ ದೊಡ್ಡದಲ್ಲ. ನಳ ಬರುವ ಹೊತ್ತಿಗೆ ಬನ್ನಿ. ಊರವರ ಕಣ್ಣೆದುರಿಗೆ ನಳದಿಂದಲೇ ನೀರು ಹಿಡಿಯಿರಿ. ಯಾವ ಓಣಿಯ ನಳ, ಯಾವ ದಿನ, ಫ್ಲೋರೈಡ್ ಎಷ್ಟಿದೆ, ಎಷ್ಟಿದ್ದರೆ ಮಕ್ಕಳಿಗೆ ಕೊಡಬಹುದು ಎಂಬುದನ್ನು ಅಜ್ಜಿಯರಿಗೂ ತಿಳಿಯುವ ಕನ್ನಡದಲ್ಲಿ ಬರೆದು ಅಂಟಿಸಿ. ಕೆಟ್ಟದಿದ್ದರೆ ಕೆಟ್ಟದ್ದೆಂದೇ ಬರೆಯಿರಿ. ಅಲ್ಲಿಯವರೆಗೆ ‘ಯೋಗ್ಯ’ ಎಂಬ ಕಾಗದಕ್ಕೆ ನನ್ನ ಗೋಡೆಯಲ್ಲಿ ಜಾಗವಿಲ್ಲ.

ನಿಮ್ಮ ಬಾಟಲಿಗೆ ನಳದ ನೀರನ್ನೇ ತುಂಬಲು ಅವ್ವನನ್ನು ಒಪ್ಪಿಸುವುದೇ ಕಷ್ಟವಾಯಿತು. “ಬಂದವ್ರಿಗೆ ಆ ನೀರು ಹೆಂಗ ಕೊಡ್ಲೋ? ಕೈ ಬರಂಗಿಲ್ಲ ನನಗ” ಎಂದಳು.

ವಾಣಿಶ್ರೀ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ಅಂದಳು: “ನನಗ ಕೊಟ್ಟಿಯಲ್ಲಜ್ಜಿ, ಹಂಗ ಕೊಡು.”

ನೀವು ಬಂದ ದಿನ ನಿಮ್ಮ ಬಾಟಲಿಯನ್ನು ನಳಕ್ಕೆ ಹಿಡಿಯುವವಳು ಅವಳೇ.

ಇಂತಿ,
ನಿಮ್ಮ ‘ಯೋಗ್ಯ’ಕ್ಕೆ ಇಷ್ಟು ದಿನ ಗೋಡೆ ಕೊಟ್ಟವನು,
ಗವಿಸಿದ್ದೇಶ್
ಊರ ಅಗಸಿ ಬಾಗಿಲ ಹಿಟ್ಟಿನ ಗಿರಣಿ