ಒಲೆಯ ಪಕ್ಕ ಕೂತ ಅಜ್ಜ

ಮಾರ್ಚ್ ೧೪, ಗುರುವಾರ.

ವಾರ್ಡಿನ ಹನ್ನೆರಡು ಮಂದಿಯ ಔಷಧಿ ಮರೆಯಬಾರದೆಂದು, ಒಬ್ಬೊಬ್ಬರನ್ನೂ ಮನಸ್ಸಿನಲ್ಲೇ ನಮ್ಮ ಹಳೆಯ ಮನೆಯ ಒಂದೊಂದು ಜಾಗದಲ್ಲಿ ಕೂರಿಸುವುದನ್ನು ಹಿರಿಯ ನರ್ಸ್ ಕಲಿಸಿದ್ದರು. ಆರು ತಿಂಗಳಿಂದ ಒಂದು ಮಾತ್ರೆಯೂ ತಪ್ಪಿಲ್ಲ. ನಾಲ್ಕನೇ ಹಾಸಿಗೆಯ ಅಜ್ಜನಿಗೆ ಕೊಟ್ಟಿದ್ದ ಜಾಗ ಅಡುಗೆಮನೆಯ ಒಲೆಯ ಪಕ್ಕ. ಬೆಳಿಗ್ಗೆ ಅವರು ತೀರಿಕೊಂಡರು.

ಸಂಜೆ ಅಕ್ಕನ ಫೋನ್. ಅಮ್ಮ ಹೋಗಿ ಇವತ್ತಿಗೆ ಮೂರು ವರ್ಷ.

"ಅಡುಗೆ ಮಾಡ್ತಾ ಅಮ್ಮ ಗುನುಗ್ತಿದ್ದ ಹಾಡು ಯಾವುದೇ? ನಾಲಿಗೆ ತುದೀಲಿದೆ, ಬರ್ತಿಲ್ಲ."

ಕಣ್ಣು ಮುಚ್ಚಿದೆ. ಒಲೆಯ ಮುಂದೆ ಅಮ್ಮ ಇರಲಿಲ್ಲ. ಅಜ್ಜ ಮಾತ್ರೆಗಾಗಿ ಕೈಚಾಚಿ ಕೂತಿದ್ದರು.

"ನಂಗೂ ನೆನಪಿಲ್ಲ ಅಕ್ಕಾ."

"ನೀನೂ ಮರೆತ್ರೆ ಇನ್ಯಾರನ್ನೇ ಕೇಳ್ಲಿ?" ಎಂದು ಅತ್ತಳು.

ನಾಳೆಯಿಂದ ಎಲ್ಲವನ್ನೂ ಚೀಟಿಯಲ್ಲೇ ಬರೆದುಕೊಳ್ಳುತ್ತೇನೆ. ಹಿರಿಯ ನರ್ಸ್ ಹತ್ತಿರ ಎಷ್ಟು ಬೈಸಿಕೊಂಡರೂ ಸರಿ, ಆ ಮನೆಯೊಳಗೆ ಇನ್ನು ಯಾರನ್ನೂ ಕೂರಿಸುವುದಿಲ್ಲ.