ಬಾಬಿನ್‌ನ ಬಲ ಮುಂಗಾಲು

ಶುಕ್ರವಾರ, ಮಧ್ಯಾಹ್ನ

ಪ್ರೀತಿಯ ತಮ್ಮನಿಗೆ,

ಆಶೀರ್ವಾದ ಎಂದು ಬರೆಯಲು ಇವತ್ತು ಕೈ ಏಳುತ್ತಿಲ್ಲ. ಪ್ರೀತಿ ಎಂದು ಬರೆದದ್ದು ಹಳೆಯ ಅಭ್ಯಾಸ. ನಿನ್ನ ಮೂಗು ಒರೆಸಿ ಶಾಲೆಗೆ ಕಳಿಸಿದವಳಿಗೆ ಅದು ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಮಂಗಳವಾರ ನಿನ್ನ ಕಾಂಪೌಂಡರ್ ತಂದುಕೊಟ್ಟ ಕಾಗದ ಓದಿದೆ. ಟೈಲರಮ್ಮನ ನಾಯಿ ಬಾಬಿನ್‌ಗೆ ನಾನು ಮಾಡಿದ ಪ್ಲಾಸ್ಟಿಕ್ ಕಾಲು ಕೆಲಸಕ್ಕೆ ಬರಲಿಲ್ಲ. ಅಂಥ ಮೋಟುಗಾಲಿಗೆ ಹೊರಗಿನಿಂದ ತೊಡಿಸುವ ಯಾವ ಕಾಲೂ ಕೂರುವುದಿಲ್ಲ. ಮೂಳೆಯೊಳಗೆ ಲೋಹದ ಕಡ್ಡಿ ಇಟ್ಟು ಅದಕ್ಕೇ ಕಾಲು ಸಿಕ್ಕಿಸುವುದೊಂದೇ ದಾರಿ. ಹೀಗೆಂದು ನಾನು ಚೀಟಿ ಬರೆದು ಸಹಿ ಹಾಕಬೇಕಂತೆ. ಸೋಮವಾರ ಆಪರೇಷನ್, ಅದನ್ನು ನೋಡಲು ಹೊರಗಿನಿಂದ ಆರು ಜನ ಸರ್ಜನ್‌ಗಳು ಬರುತ್ತಾರಂತೆ. 'ಟೈಲರಮ್ಮ ನನ್ನ ಮಾತು ಕೇಳುವುದಿಲ್ಲ, ನೀನು ಹೇಳಿದರೆ ಕೇಳುತ್ತಾರೆ' ಎಂದು ಕೊನೆಯಲ್ಲಿ ಸೇರಿಸಿದ್ದೀಯ. ಆ ಸಾಲಿನ ಕೆಳಗೆ ಗೆರೆ ಬೇರೆ ಎಳೆದಿದ್ದೀಯ.

ನನಗೆ ಅಸಹ್ಯವಾಗಿದೆ. ಇದಕ್ಕಿಂತ ಮೆತ್ತಗಿನ ಮಾತು ಹುಡುಕಿದೆ, ಸಿಗಲಿಲ್ಲ.

ಎರಡು ತಿಂಗಳ ಹಿಂದಿನ ಆ ಚಪ್ಪಾಳೆ ನೆನಪಿದೆಯಾ? ನಿನ್ನ ಪ್ರಾಣಿಗಳ ಆಸ್ಪತ್ರೆಯ ಗಾಜಿನ ಹಾಲ್‌ನಲ್ಲಿ ಕೆಂಪು ಜಮಖಾನ ಹಾಸಿ, ಎರಡೂ ಕಡೆ ಜನರನ್ನು ನಿಲ್ಲಿಸಿ, ಬಾಬಿನ್‌ನನ್ನು ನೀನು ಇಪ್ಪತ್ತು ಹೆಜ್ಜೆ ನಡೆಸಿದೆ. ಲಾರಿಯ ಹಿಂದಿನ ಚಕ್ರಕ್ಕೆ ಪಂಜ ಕೊಟ್ಟ ನಾಯಿ ನಾಲ್ಕು ಕಾಲಲ್ಲಿ ನಡೆಯುತ್ತಿದೆ ಎಂದು ಎಲ್ಲರ ಕಣ್ಣಲ್ಲೂ ನೀರು. ಸೆಂಟಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ನನ್ನ ಪಕ್ಕದ ಹೆಂಗಸು ಒಂದು ಕೈಯಲ್ಲಿ ಫೋನ್ ಹಿಡಿದು ಇನ್ನೊಂದರಲ್ಲಿ ಕಣ್ಣೊರೆಸಿಕೊಳ್ಳುತ್ತಾ, "ಎಷ್ಟು ಶಿಸ್ತಾಗಿ ನಡೀತಿದೆ ನೋಡಿ!" ಅಂದಳು. ನಾನು ಬಾಲ ನೋಡುತ್ತಿದ್ದೆ. ಅದು ಹೊಟ್ಟೆಗೆ ಅಂಟಿಕೊಂಡಿತ್ತು. ಟೈಲರಮ್ಮನ ಅಂಗಡಿಯಲ್ಲಿ ತನ್ನ ಬಾಲ ಹಿಡಿಯಲು ಹೊಲಿಗೆ ಮೆಷಿನ್ನಿನ ದಾರದ ಬಾಬಿನ್‌ನಂತೆ ಗಿರಗಿರ ಸುತ್ತಿ ಸುತ್ತಿ ಅದೇ ಹೆಸರು ಪಡೆದ ನಾಯಿ ಅದು.

ಮೂವತ್ತೊಂದು ವರ್ಷ ಮನುಷ್ಯರಿಗೆ ಕಾಲು ಮಾಡಿದವಳು ನಾನು. ಗಿರಣಿಯ ಬೆಲ್ಟಿಗೆ ಸಿಕ್ಕವರು, ರೈಲಿನ ಕೆಳಗೆ ಬಿದ್ದವರು, ಸಕ್ಕರೆ ಕಾಯಿಲೆಗೆ ಬೆರಳಿನಿಂದ ಶುರುಮಾಡಿ ಮಂಡಿಯವರೆಗೆ ಕಳೆದುಕೊಂಡವರು. ಅವರಿಗೆ ಯಾವ ಜಮಖಾನವನ್ನೂ ಯಾರೂ ಹಾಸಲಿಲ್ಲ. ಆಸ್ಪತ್ರೆಯ ಹಿಂಬದಿ ಶೆಡ್ಡಿನಲ್ಲಿ ಗೋಡೆ ಹಿಡಿದು ಮೊದಲ ಹೆಜ್ಜೆ ಇಡುತ್ತಿದ್ದರು, ಇಟ್ಟ ಕೂಡಲೇ ನನ್ನನ್ನು ಬೈಯುತ್ತಿದ್ದರು. "ಏನಮ್ಮಾ ಇದು, ಕಾಲು ಮಾಡಿದ್ದೀಯೋ ಕೊಡಲಿ ಮಾಡಿದ್ದೀಯೋ?" ಎಂದು ಒಬ್ಬ ಡ್ರೈವರ್ ಅದನ್ನು ಬಿಚ್ಚಿ ನನ್ನ ಮೇಲೆಯೇ ಎಸೆದಿದ್ದ. ಆ ಬೈಗುಳದಿಂದಲೇ ನಾನು ಕೆಲಸ ಕಲಿತದ್ದು. ಎಲ್ಲಿ ಬೈದರೋ ಅಲ್ಲಿ ಅರ ಹಾಕಿ ಉಜ್ಜು, ಎಲ್ಲಿ ಸುಮ್ಮನಾದರೋ ಅಲ್ಲಿ ಬಿಡು. ನಾಯಿ ಬೈಯುವುದಿಲ್ಲ. "ಅವು ನೋವು ತೋರಿಸಲ್ಲ ಅಕ್ಕಾ, ಅದೇ ಅವುಗಳ ದೊಡ್ಡ ಗುಣ" ಎಂದು ನೀನು ಆವತ್ತು ನನ್ನ ಕಡೆ ನೋಡಿ ಮೈಕಿನಲ್ಲಿ ಹೇಳಿದೆ. ಎಲ್ಲರೂ ಮತ್ತೆ ಚಪ್ಪಾಳೆ ಹೊಡೆದರು. ಇದನ್ನು ಗುಣ ಅಂತ ಕರೆಯುವವನ ಕೈಯಲ್ಲಿ ಕತ್ತಿ ಇರಬಾರದು ಅನ್ನಿಸಿತು.

ನಿನ್ನನ್ನು ಬರೀ ಬೈದು ಮುಗಿಸಿದರೆ ಅನ್ಯಾಯವಾಗುತ್ತದೆ, ಅದೂ ಗೊತ್ತು. ಇಪ್ಪತ್ತೆರಡು ವರ್ಷದ ಹಿಂದೆ, ಬಡಗಿಯ ಡ್ರಿಲ್ಲಿನ ಮೊನೆಯನ್ನು ನನ್ನ ಅಡುಗೆಮನೆಯಲ್ಲೇ ಗಂಟೆಗಟ್ಟಲೆ ಕುದಿಸಿಕೊಂಡು ಹೋಗಿ, ಬೆಕ್ಕಿನ ಮುರಿದ ತೊಡೆಮೂಳೆಗೆ ಲೋಹದ ಪಟ್ಟಿ ಕೂರಿಸಿದವನು ನೀನು. ದೊಡ್ಡ ಡಾಕ್ಟರರೆಲ್ಲ ನಕ್ಕಿದ್ದರು. "ಬೆಕ್ಕಿಗೆ ಆಪರೇಷನ್ನಾ? ಹಾಗೇ ಇಲಿಗೊಂದು ಕನ್ನಡಕ ಮಾಡಿಸಿಬಿಡಿ" ಅಂದಿದ್ದರು. ಆ ಬೆಕ್ಕು ಒಂಬತ್ತನೇ ದಿನ ಕಿಟಕಿ ಹಾರಿ ಓಡಿಹೋಯಿತು. ಹೊಲಿಗೆ ಬಿಚ್ಚಬೇಕಿತ್ತಲ್ಲಾ ಎಂದು ನೀನು ಬೀದಿ ಬೀದಿ ಅಲೆದೆ. ಸಿಗಲಿಲ್ಲ. ಆಗ ನಿನ್ನನ್ನು ಯಾರೂ ನೋಡುತ್ತಿರಲಿಲ್ಲ. ನಾಯಿಗೊಂದು ಕಾಲು ಮಾಡಿಕೊಡು ಎಂದು ಆ ತಮ್ಮ ಕೇಳಿದ್ದಕ್ಕೇ ನಾನು ನಿವೃತ್ತಿಯಾದ ಮೇಲೂ ಪ್ಲಾಸ್ಟರ್ ಕಲಸಿದ್ದು.

ಈಗ ಬಾಬಿನ್‌ನ ಕಾಲಿಗೆ ಬರುತ್ತೇನೆ. ಇಲ್ಲಿಂದ ಮುಂದೆ ನಿಧಾನವಾಗಿ ಓದು.

ಮೋಟುಗಾಲಿನ ಅಚ್ಚನ್ನು ನಿಂತಾಗ ತೆಗೆಯಬೇಕು. ಮೈಭಾರ ಬಿದ್ದಾಗ ಮಾಂಸ ಎಲ್ಲಿ ಉಬ್ಬುತ್ತದೆ, ಮೂಳೆ ಎಲ್ಲಿ ಚುಚ್ಚುತ್ತದೆ ಎನ್ನುವುದು ಆಗ ಮಾತ್ರ ತಿಳಿಯುತ್ತದೆ. ನಾಯಿಯಾದರೆ ಅರ್ಧ ದಿನ ಅದರ ಪಕ್ಕ ನೆಲದ ಮೇಲೆ ಕೂತಿರಬೇಕು, ಅದು ತಾನಾಗಿ ನಿಲ್ಲುವವರೆಗೆ. ಬಾಬಿನ್‌ಗೆ ನೀನು ಅರಿವಳಿಕೆ ಕೊಟ್ಟು ಮೇಜಿನ ಮೇಲೆ ಮಲಗಿಸಿದ್ದೆ. "ಈಗಲೇ ತೆಗೆದುಬಿಡು ಅಕ್ಕಾ, ವಿಡಿಯೋದವರು ಮುಂದಿನ ವಾರ ಬರ್ತಾರೆ" ಅಂದೆ. ನಾನು ತೆಗೆದೆ. ಒದ್ದೆ ಬಟ್ಟೆಯಂತೆ ಜೋತುಬಿದ್ದ ಕಾಲಿನ ಅಚ್ಚು ಅದು. ತಪ್ಪೆಂದು ನನ್ನ ಹತ್ತು ಬೆರಳಿಗೂ ಗೊತ್ತಿತ್ತು.

ಕಾಲು ಸಿದ್ಧವಾದ ಮೇಲೆ ಅದು ಎಲ್ಲಿ ಒತ್ತುತ್ತದೆ ಎಂದು ತಿಳಿಯಲು ನಾವು ಒಂದು ಉಪಾಯ ಮಾಡುತ್ತೇವೆ. ಮೋಟುಗಾಲಿಗೆ ತುಟಿಬಣ್ಣ ಹಚ್ಚಿ ಪ್ಲಾಸ್ಟಿಕ್ ಕಾಲು ತೊಡಿಸಿ ನಡೆಸುತ್ತೇವೆ. ಬಿಚ್ಚಿ ನೋಡಿದರೆ ಒಳಗೆ ಎಲ್ಲಿ ಕೆಂಪು ಅಂಟಿದೆಯೋ ಅಲ್ಲಿ ಉಜ್ಜಬೇಕು. ಆ ಚಪ್ಪಾಳೆಯ ದಿನ ಬೆಳಿಗ್ಗೆ ನಾನು ಹಾಗೇ ಮಾಡಿದೆ. ಮೂರು ಸುತ್ತು ನಡೆಸಿ ಬಿಚ್ಚಿದೆ. ಒಳಗೆ ಒಂದು ಕಡೆ ದಪ್ಪಗೆ ಕೆಂಪು. ಬಣ್ಣ ಜಾಸ್ತಿಯಾಯಿತು ಅಂದುಕೊಂಡು ಹತ್ತಿಯಿಂದ ಒರೆಸಿದೆ. ಒರೆಸಿದ ಹತ್ತಿಯನ್ನು ಯಾಕೋ ಮೂಸಿ ನೋಡಿದೆ. ತುಟಿಬಣ್ಣಕ್ಕೆ ಕಬ್ಬಿಣದ ವಾಸನೆ ಇರುವುದಿಲ್ಲ.

ಹಾಲ್‌ನಲ್ಲಿ ಕುರ್ಚಿ ಹಾಕುತ್ತಿದ್ದರು. ನಾನು ಆವತ್ತು ಒಳ್ಳೆಯ ಸೀರೆ ಉಟ್ಟಿದ್ದೆ, ತಲೆಗೆ ಬಣ್ಣ ಹಾಕಿಸಿಕೊಂಡಿದ್ದೆ. 'ಕಾಲು ಮಾಡಿದ ಅಕ್ಕ' ಎಂದು ನನ್ನನ್ನೂ ತೋರಿಸುತ್ತೇವೆ ಎಂದು ನೀನು ಹೇಳಿದ್ದೆ. ಹತ್ತಿಯನ್ನು ಕಸದ ಬುಟ್ಟಿಗೆ ಹಾಕಿ, ಒಳಗೆ ಒಂದು ಪದರ ಸ್ಪಂಜು ಅಂಟಿಸಿ, ಮತ್ತೆ ತೊಡಿಸಿ ಪಟ್ಟಿ ಬಿಗಿದೆ. ಬಾಬಿನ್ ನನ್ನ ಮಣಿಕಟ್ಟು ನೆಕ್ಕಿತು.



ಹುಣ್ಣು ಆವತ್ತು ಶುರುವಾದದ್ದು. ನೀನು ಟೈಲರಮ್ಮನಿಗೆ "ನಾಯಿ ನೆಕ್ಕಿ ನೆಕ್ಕಿ ಹೀಗಾಯ್ತು" ಅಂದೆ. ನಾನು ಪಕ್ಕದಲ್ಲೇ ನಿಂತು ಹೂಂಗುಟ್ಟಿದೆ. ಈಗ ಆ ಹುಣ್ಣಿನ ನೆಪದಲ್ಲಿ ಕಾಲನ್ನು ಇನ್ನೂ ಮೇಲಕ್ಕೆ, ಮೊಣಕೈ ಕೀಲಿಗಿಂತ ಮೇಲಕ್ಕೆ, ಕತ್ತರಿಸಿ ಕಡ್ಡಿ ಇಡುತ್ತೀಯ. ನೆಟ್ಟಗಿರುವ ಕೀಲು ಅದು. ಹಿಂದೆ ಯುದ್ಧಗಳಾದಾಗ ಸರ್ಜನ್‌ಗಳು ಬರೆದ ವರದಿಗಳನ್ನು ಲೈಬ್ರರಿಯಲ್ಲಿ ಕೂತು ಎಷ್ಟೋ ಓದಿದ್ದೇನೆ. ಎಲ್ಲರೂ ಒಂದೇ ಮಾತು ಬರೆಯುತ್ತಾರೆ: ಕೀಲು ಉಳಿಸಿ. ಕಡ್ಡಿಯ ವಿದ್ಯೆ ಸುಳ್ಳು ಎಂದು ನಾನು ಹೇಳುವುದಿಲ್ಲ. ಅದು ಬೇಕಾದ ನಾಯಿ ಎಲ್ಲೋ ಇರಬಹುದು. ಈ ನಾಯಿಗೆ ಅದು ಬೇಕಾಗಿಲ್ಲ. ಬೇಕಾಗಿರುವುದು ನಿನಗೆ, ಸೋಮವಾರಕ್ಕೆ.

ನಿನ್ನೆ ಟೈಲರಮ್ಮ ಬಾಬಿನ್‌ನನ್ನು ಕರೆದುಕೊಂಡು ನನ್ನ ಮನೆಗೆ ಬಂದಿದ್ದರು. ಹುಣ್ಣಿಗೆ ತಾಗದಿರಲಿ ಎಂದು ಹಳೆಯ ಬನಿಯನ್ ಬಟ್ಟೆಯಲ್ಲಿ ಚೀಲದಂಥದ್ದು ಹೊಲಿದು ತಂದಿದ್ದರು, ಒಳಗೊಂದೂ ಹೊಲಿಗೆ ಬರದ ಹಾಗೆ. "ಕಡ್ಡಿ ಹಾಕಿದ ಮೇಲೆ ಇದು ಬೇಕಾಗುತ್ತಾ ಅಕ್ಕಾ? ನನಗೇನೂ ತಿಳಿಯಲ್ಲ, ನಿಮ್ಮ ಮಾತಿನ ಮೇಲೆ ನಿಂತಿದ್ದೀನಿ" ಅಂದರು. ನನಗೆ ಮೂವತ್ತೊಂದು ವರ್ಷದಲ್ಲಿ ಹೊಳೆಯದ ಹೊಲಿಗೆ ಅದು. ಹೊಗಳಲು ಬಾಯಿ ತೆರೆದೆ. ಬಾಬಿನ್ ನನ್ನನ್ನು ಕಂಡದ್ದೇ ಮೋಟುಗಾಲನ್ನು ಹೊಟ್ಟೆಯ ಕೆಳಗೆ ಬಚ್ಚಿಟ್ಟುಕೊಂಡು ಮಂಚದಡಿಗೆ ಹಿಂದೆ ಹಿಂದೆ ಸರಿಯಿತು. ಕರೆದರೆ ಬರಲಿಲ್ಲ.

ಆದ್ದರಿಂದ ಕೇಳು. ಆ ಕಾಲಿಗೆ ಏನೂ ತೊಡಿಸದೆ ಬಿಟ್ಟರೆ ಒಂದೂವರೆ ತಿಂಗಳಲ್ಲಿ ಹುಣ್ಣು ಒಣಗುತ್ತದೆ. ಆಮೇಲೆ ನಿಲ್ಲಿಸಿ ಅಚ್ಚು ತೆಗೆದು ಬೇರೆ ಕಾಲು ಮಾಡಬಹುದು. ಮಾಡದಿದ್ದರೂ ಮೂರು ಕಾಲಲ್ಲಿ ಅದು ಸುಖವಾಗಿ ಓಡಾಡುತ್ತದೆ, ಲಾರಿಗೆ ಸಿಕ್ಕ ಹದಿನೈದನೇ ದಿನವೇ ಓಡಾಡುತ್ತಿತ್ತು. ಕೆಟ್ಟದ್ದು ಬಾಬಿನ್‌ನ ಕಾಲಲ್ಲ, ನನ್ನ ಅಚ್ಚು. ಈ ಮಾತನ್ನು ನಿನ್ನ ಆರು ಸರ್ಜನ್‌ಗಳ ಮುಂದೆ ಬೇಕಾದರೂ ಹೇಳುತ್ತೇನೆ. ನೀನು ಕೇಳಿದ ಮಾತಿಗೆ ನನ್ನ ಒಪ್ಪಿಗೆ ಇಲ್ಲ.

ಊಟ ಮಾಡುತ್ತಿದ್ದೀಯ ತಾನೇ? ಟಿವಿಯಲ್ಲಿ ಸೊರಗಿದ ಹಾಗೆ ಕಂಡೆ.

ಇಷ್ಟಾದರೂ ನಿನ್ನವಳೇ,
ಅಕ್ಕ

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸಬೇಕೆಂದಿದ್ದೆ. ನೀನು ಮೇಲಿನದನ್ನು ಓದಿ ನಗುತ್ತೀಯ, ಅಕ್ಕ ಬುಧವಾರವೇ ಸಹಿ ಹಾಕಿ ಕಳಿಸಿದ್ದಾಳಲ್ಲ ಎಂದು. ಹೌದು, ಕಳಿಸಿದೆ. ನೀನು ಹೇಳಿದ ಚೀಟಿಯಲ್ಲಿ ತಪ್ಪು ಮೋಟುಗಾಲಿನದಾಗಿತ್ತು, ನನ್ನ ಕೈಯದಲ್ಲ. ನನಗೆ ಅಷ್ಟೇ ಸಾಕಾಗಿತ್ತು. ಈ ಪತ್ರದ ಇನ್ನೊಂದು ಪ್ರತಿಯನ್ನು ಈಗ ಟೈಲರಮ್ಮನಿಗೆ ಕೊಟ್ಟು ಬಂದೆ. ಬುಧವಾರದ ಚೀಟಿಯ ನಕಲು ನೀನು ಅವರಿಗೆ ಆಗಲೇ ಮುಟ್ಟಿಸಿದ್ದೆ. ಎರಡನ್ನೂ ಹೊಲಿಗೆ ಮೆಷಿನ್ ಮೇಲೆ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. "ಎರಡಕ್ಕೂ ಒಂದೇ ಥರ ಸಹಿ ಹಾಕಿದ್ದೀರಲ್ಲಕ್ಕಾ" ಅಂದರು, ಅಷ್ಟೇ. ಸೋಮವಾರ ನೀನು ಕಾಯಬೇಡ, ಅವರು ಬರುವುದಿಲ್ಲ. ಬಾಬಿನ್ ಮೆಷಿನ್ ಕೆಳಗೆ ಮಲಗಿತ್ತು. ತಲೆ ಸವರೋಣವೆಂದು ಬಗ್ಗಿದೆ. "ಬೇಡ, ಕೈ ತೆಗೀರಿ" ಅಂದರು. ತೆಗೆದೆ.