ನಾನು ಕೊಯ್ದ ಬೆರಳು, ನೀನು ಹೊತ್ತ ತಪ್ಪು

ಚಿಗವ್ವಾ,

ನೀನು ಕಣ್ಣು ಮುಚ್ಚಿ ನಾಲ್ಕು ತಿಂಗಳಾಯಿತು. ಬರೆಯಬೇಕೆಂದು ಕೂತಾಗಲೆಲ್ಲ ದಣಿವೇ ಗೆದ್ದಿತು. ಇವತ್ತೂ ದಣಿದಿದ್ದೇನೆ. ಆದರೂ ಹೇಳಿಬಿಡುತ್ತೇನೆ.

ಅವ್ವ ತೀರಿಕೊಂಡ ವರ್ಷ ನೀನು ನನ್ನನ್ನು ಧಾರವಾಡದಿಂದ ಪುಣೆಗೆ ಕರೆತಂದೆ. ದಂಡಿನ ಕ್ಯಾಂಪಿನ ಸಲೂನಿನಲ್ಲಿ ನೀನು ಮೇಮ್‌ಸಾಹೇಬರ ಉಗುರು ತಿದ್ದುತ್ತಿದ್ದೆ. ನನ್ನನ್ನು ಅಲ್ಲಿಗೆ ಸೇರಿಸುವ ಮೊದಲು ಮೂರು ತಿಂಗಳು ನಿನ್ನ ಬೆರಳುಗಳನ್ನೇ ನನ್ನ ಮುಂದೆ ಚಾಚಿ ಕೂತೆ. “ಮೊದಲ ಬೆಚ್ಚಗಿನ ಸಾಬೂನ ನೀರಾಗ ನೆನೀಲಿ. ಉಗುರು ತಿಕ್ಕೂ ಅರ ಅಂಚಿನಿಂದ ನಡಕ, ಒಂದ ದಿಕ್ಕಿಗೆ ಎಳಿ. ಹಿಂದ ಮುಂದ ತಿಕ್ಕಿದ್ರ ಉಗುರು ಸೀಳ್ತದ.” ಉಗುರಿನ ಬುಡಕ್ಕೆ ಬಂದಾಗ ಮಾತ್ರ ನಿನ್ನ ದನಿ ಬಿಗಿಯಾಗುತ್ತಿತ್ತು. “ಇಲ್ಲಿ ತೊಗಲು ಕಡ್ಡೀಲೆ ಮೆಲ್ಲಗ ಹಿಂದ ಸರಸು. ಕತ್ತರಿ ಹಚ್ಚಬ್ಯಾಡ. ಜೀವ ಇರೂ ತೊಗಲದು.”

ಆ ಶನಿವಾರ ನೆನಪಿದೆಯಾ? ಯುದ್ಧದ ದಿನಗಳು, ಸಲೂನಿನ ತುಂಬ ಅಧಿಕಾರಿಗಳ ಹೆಂಡಂದಿರು. ಒಬ್ಬಾಕೆಗೆ ಸಂಜೆಯ ಔತಣಕ್ಕೆ ಹೋಗುವ ಅವಸರ, ನನಗೆ ಬೆಳಗಿನಿಂದ ಬಗ್ಗಿ ಕೂತ ಬೆನ್ನುನೋವು. ಬೆರಳು ನೆನೆಯುವವರೆಗೆ ಕಾಯಲಿಲ್ಲ. ಕತ್ತರಿ ಹಚ್ಚಿದೆ. ಒಂದು ಹನಿ ರಕ್ತ. ಹತ್ತಿ ಒತ್ತಿ ಸುಮ್ಮನಾದೆ.

ಐದನೆಯ ದಿನ ಆಕೆಯ ಗಂಡ ಸಲೂನಿಗೆ ಬಂದು ನಿಂತ. ಬೆರಳಲ್ಲಿ ಕೀವು ತುಂಬಿ, ಆಸ್ಪತ್ರೆಯಲ್ಲಿ ಕೊಯ್ದು ಕೀವು ತೆಗೆಯಬೇಕಾಯಿತಂತೆ. ಯಾರು ಮಾಡಿದ್ದೆಂದು ಮಾಲಕಿ ಕೇಳಿದಳು. ನಾನು ನೆಲ ನೋಡಿದೆ. ನೀನು ಅರ ಕೆಳಗಿಟ್ಟು, “ಮೀ ಕೇಲಂ, ಬಾಯಿ” ಎಂದೆ. ಮರಾಠಿಯಲ್ಲಿ, ನಾನೇ ಮಾಡಿದ್ದು ಎಂದು. ಅಷ್ಟೇ. ನಿನ್ನ ಹನ್ನೆರಡು ವರ್ಷದ ಕೆಲಸ ಅವತ್ತೇ ಹೋಯಿತು.

ಮನೆಗೆ ನಡೆಯುವಾಗ ನಾನು ಅಳುತ್ತಿದ್ದೆ. “ಅಳಬ್ಯಾಡ. ನನ್ನ ಕಣ್ಣು ಹ್ಯಾಂಗೂ ಮಂಜಾಗ್ಯಾವ, ಇವತ್ತಿಲ್ಲಾ ನಾಳೆ ಬಿಡಾಕಿನ ಇದ್ದೆ” ಎಂದೆ ನೀನು. ನಿಜವಾಗಿತ್ತೇ ಅದು, ಇಲ್ಲಾ ನನಗಾಗಿ… ಮರುವಾರದಿಂದ ನೀನು ಕಸಬಾ ಪೇಟೆಯಲ್ಲಿ ಮನೆಮನೆ ತಿರುಗಿ ಬಾಣಂತಿಯರ, ಮುದುಕಿಯರ ಉಗುರು ತೆಗೆಯತೊಡಗಿದೆ. ಮೂರು ವರ್ಷ ನಡೆದೆ. ನಾನು ಸಲೂನಿನ ಫ್ಯಾನಿನ ಕೆಳಗೆ ಕೂತಿದ್ದೆ.

ಹೋದ ವಾರ ಸಲೂನಿಗೆ ಇಬ್ಬರು ಹೊಸ ಹುಡುಗಿಯರು ಬಂದರು. ಮಾಲಕಿ ಅವರಿಗೆ ನಿನ್ನ ಹೆಸರು ಹೇಳಿ, “ಆ ಹೆಂಗಸಿನ ಹಾಗೆ ಬೆರಳು ಕೊಯ್ದು ನನ್ನ ಮಾನ ಕಳೆಯಬೇಡಿ” ಎಂದಳು. ನನ್ನಿಂದ ಕೂರಲಾಗಲಿಲ್ಲ. ಎದ್ದು, “ಕೊಯ್ದಾಕಿ ನಾನ್ರೀ, ಆಕಿ ಅಲ್ಲ” ಎಂದೆ. ಬಾಯಿಗೆ ಮೊದಲು ಬಂದದ್ದು ನಮ್ಮ ಮಾತು. ಆಮೇಲೆ ಮರಾಠಿಯಲ್ಲಿ ಹೇಳಿದೆ. ಮಾಲಕಿ ಹುಡುಗಿಯರನ್ನು ಒಳಗೆ ಕಳಿಸಿದಳು. “ನೀನು ಅವತ್ತು ಬಾಯಿ ಮುಚ್ಚಿಕೊಂಡಿದ್ದಕ್ಕೆ ನಾನು ತಪ್ಪಿಲ್ಲದವಳನ್ನು ಹೊರಗೆ ಹಾಕಿದೆನಲ್ಲ, ನಾಳೆಯಿಂದ ಬರಬೇಡ” ಎಂದು ನನಗೆ ಹೇಳಿದಳು. ನನಗೆ ಸಿಟ್ಟು ಬರಲಿಲ್ಲ. ಸಮಾಧಾನವೂ ಆಗಲಿಲ್ಲ. ಅರ, ಕಡ್ಡಿ ಚೀಲಕ್ಕೆ ಹಾಕಿಕೊಂಡು ಹೊರಬಂದೆ.

ನಿನ್ನೆ ಕಸಬಾ ಪೇಟೆಗೆ ಹೋದೆ. ಒಂದು ಹಳೆಯ ವಾಡೆಯ ಅಂಗಳದಲ್ಲಿ ಮುದುಕಿಯೊಬ್ಬಳು ನಿನ್ನ ದಾರಿ ಕಾಯುತ್ತಿದ್ದಳು. ನೀನು ಇಲ್ಲವೆಂದು ಹೇಳಿದೆ. ಆಕೆ ನನ್ನ ಮುಂದೆ ಕೈ ಚಾಚಿದಳು. ಬಿಸಿನೀರು ತರಿಸಿ, ಬೆರಳು ನೆನೆಯುವವರೆಗೆ ಕಾದು ಕೂತೆ. “ನೀನು ಆಕೆಯ ಮಗಳೇನು?” ಎಂದು ಮುದುಕಿ ಮರಾಠಿಯಲ್ಲಿ ಕೇಳಿದಳು.

ಹೌದು ಎಂದೆ, ಚಿಗವ್ವಾ.